ಯೂನಿಟ್ಟಿಗೆ ಎಂಟು ಕಿಲೋಮೀಟರ್

ಒಂದು ಯೂನಿಟ್ ಕರೆಂಟಿನಲ್ಲಿ ಎಂಟು ಕಿಲೋಮೀಟರ್ ಓಡಿಸದೆ ಈ ಜನ್ಮದಲ್ಲಿ ಸ್ಟೀರಿಂಗ್ ಬಿಡುವುದಿಲ್ಲ ಎಂದು ನಾನು ಪ್ರತಿಜ್ಞೆ ಮಾಡಿದ್ದು ನಮ್ಮ ಎಲೆಕ್ಟ್ರಿಕ್ ಕಾರು ಮನೆಗೆ ಬಂದ ಮೂರನೆಯ ವಾರ! ನಾನು ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ವಿಭಾಗದ ಮೇಲ್ವಿಚಾರಕ. ಹತ್ತೊಂಬತ್ತು ವರ್ಷ ಊರವರ ಮೀಟರುಗಳನ್ನು ಅನುಮಾನದಿಂದ ನೋಡಿಕೊಂಡು ಬಂದವನು. ಅಂಥವನ ಕೈಗೆ ಓಡಾಡುವ ಮೀಟರೊಂದನ್ನು ಕೊಟ್ಟರೆ ಇನ್ನೇನಾದೀತು?

ಕಚೇರಿಯಲ್ಲಿ ಇದೇ ಕಾರು ಇನ್ನೂ ನಾಲ್ವರ ಬಳಿ ಇತ್ತು. ಶನಿವಾರ ಊಟದ ಬಿಡುವಿನಲ್ಲಿ ಐವರೂ ಆ ವಾರದ ಸರಾಸರಿಯ ಫೋಟೋ ತೋರಿಸಬೇಕು. ಗೆದ್ದವನಿಗೆ ಸೋತವರು ವಾರವಿಡೀ ಟೀ ತಂದುಕೊಡಬೇಕು. ಆರು ವಾರದಿಂದ ಗೆಲ್ಲುತ್ತಿದ್ದವನು ನಕ್ಷೆ ಬರೆಯುವ ಗುಮಾಸ್ತ. ಅವನದು ಏಳು ಪಾಯಿಂಟ್ ಒಂಬತ್ತು! ಅವನ ಗುಟ್ಟು ಸರಳ: ಎಸಿಯನ್ನೇ ಹಾಕುತ್ತಿರಲಿಲ್ಲ. ಬೆಳಿಗ್ಗೆ ಬಟ್ಟೆ ಸಮೇತ ಸ್ನಾನ ಮಾಡಿ ಬಂದವನ ಹಾಗೆ ಕಚೇರಿಗೆ ಬರುತ್ತಿದ್ದ. ನಾನು ಅಷ್ಟು ಕೆಳಗಿಳಿಯುವವನಲ್ಲ. ನಾನು ಕಾರಿನ ಜೊತೆ ಬಂದ ಪುಸ್ತಕ ಓದಿದೆ!

ನೂರಾ ಎಂಬತ್ತೆರಡನೆಯ ಪುಟದಲ್ಲಿ ನನಗೆ ಜ್ಞಾನೋದಯವಾಯಿತು. ಕಾರಿನ ಪರದೆಯ ಮೇಲೆ ಒಂದು ಗುಂಡಿಯಿದೆ. ಒತ್ತಿದರೆ ತಣ್ಣನೆಯ ಗಾಳಿ ಓಡಿಸುವವನ ಸೀಟಿಗೆ ಮಾತ್ರ ಬರುತ್ತದೆ, ಉಳಿದ ಸೀಟುಗಳಿಗೆ ಬಂದ್. ಒಬ್ಬನೇ ಓಡಾಡುವಾಗ ಕರೆಂಟ್ ಉಳಿಸಲಿ ಎಂದು ಕಂಪನಿಯವರು ಇಟ್ಟದ್ದು. 'ಒಬ್ಬನೇ ಇರುವಾಗ' ಎಂಬ ಮಾತನ್ನು ಪುಸ್ತಕದಲ್ಲಿ ದಪ್ಪ ಅಕ್ಷರದಲ್ಲೇ ಅಚ್ಚು ಹಾಕಿದ್ದರು. ನಾನು ದಪ್ಪ ಅಕ್ಷರಗಳನ್ನು ಓದುವ ಪೈಕಿಯಲ್ಲ.

ಈಗ ನನ್ನ ಹೆಂಡತಿಯ ವಿಷಯಕ್ಕೆ ಬರುತ್ತೇನೆ. ನಮ್ಮ ಮದುವೆಯಾಗಿ ಇಪ್ಪತ್ತೊಂದು ವರ್ಷ. ಅವಳು ಕೇಕ್ ಮಾಡುತ್ತಾಳೆ. ನಾಲ್ಕು ವರ್ಷದಿಂದ ನಮ್ಮ ಅಡುಗೆಮನೆಯ ಒಂದೇ ಒಂದು ಓವನ್ನಿನಲ್ಲಿ, ಮೊಣಕೈವರೆಗೆ ಸುಟ್ಟ ಕಲೆ ಮಾಡಿಕೊಂಡು, ಬೀದಿಯವರ ಹುಟ್ಟುಹಬ್ಬಗಳಿಗೆ ಮಾಡಿಕೊಟ್ಟಿದ್ದಾಳೆ. ಆ ತಿಂಗಳು ಪೇಟೆಯ ದೊಡ್ಡ ಹೋಟೆಲಿನಿಂದ ಕರೆ ಬಂತು. ಅವರ ಕೇಕುಗಳನ್ನೆಲ್ಲ ಹೊರಗಿನವರೊಬ್ಬರಿಗೆ ವಹಿಸುತ್ತಾರಂತೆ. ಮಂಗಳವಾರ ಹನ್ನೆರಡು ಗಂಟೆಗೆ ಮಾದರಿ ತಂದು ತೋರಿಸಬೇಕು, ಒಂದೇ ಅವಕಾಶ. ಅವಳು ಎರಡು ದಿನ ನಿಂತೇ ಇದ್ದಳು. ಮೂರಂತಸ್ತಿನ ಕೇಕ್ ಎದ್ದಿತು. ಬಿಳಿ ಕ್ರೀಮಿನ ಗೋಡೆ, ಮೇಲಂತಸ್ತಿನಲ್ಲಿ ಬೆಣ್ಣೆಯ ಗುಲಾಬಿಗಳು. ಒಂದೊಂದು ಎಸಳನ್ನೂ ಉಸಿರು ಬಿಗಿಹಿಡಿದು ಕೂರಿಸಿದ್ದಳು.

"ಟ್ಯಾಕ್ಸಿ ಮಾಡ್ಕೊಂಡು ಹೋಗ್ಲಾ?" ಎಂದು ಕೇಳಿದಳು.

"ನಾನು ಬದುಕಿರುವಾಗಲಾ?" ಎಂದೆ. "ರಜಾ ಹಾಕ್ತೀನಿ. ನಮ್ಮ ಕಾರು ಒಳಗೆ ಫ್ರಿಜ್ ಇದ್ದ ಹಾಗೆ ಇರುತ್ತೆ ನೋಡ್ತಿರು!"

ಮಾತಿಗೆ ತಪ್ಪಲಿಲ್ಲ. ಚಾರ್ಜಿಗೆ ಹಾಕಿದ್ದಾಗಲೇ ಎಸಿ ಹಚ್ಚಿ, ಬ್ಯಾಟರಿ ಮುಟ್ಟದೆ ಮನೆಯ ಕರೆಂಟಿನಲ್ಲೇ ಕಾರನ್ನು ತಣ್ಣಗೆ ಮಾಡಿಟ್ಟೆ. ಅವಳು ಹಿಂದಿನ ಸೀಟಿನಲ್ಲಿ ಪೆಟ್ಟಿಗೆ ಇಟ್ಟುಕೊಂಡು, ಎರಡೂ ಕೈಯಲ್ಲಿ ತಬ್ಬಿ ಕುಳಿತಳು. "ಪರವಾಗಿಲ್ವೇ, ತಂಪಾಗಿದೆ," ಎಂದು ನಕ್ಕಳು. ಆ ನಗು ಇನ್ನೂ ನನ್ನ ಕಣ್ಣ ಮುಂದಿದೆ.

ದಾರಿ ಇದ್ದದ್ದು ಇಪ್ಪತ್ತೆಂಟು ಕಿಲೋಮೀಟರ್. ಬ್ಯಾಟರಿಯಲ್ಲಿ ಮುನ್ನೂರು ಓಡುವ ಶಕ್ತಿಯಿತ್ತು. ಉಳಿಸುವ ದರ್ದು ಏನೇನೂ ಇರಲಿಲ್ಲ. ಆದರೆ ಸರಾಸರಿ ಏಳು ಪಾಯಿಂಟ್ ಎಂಟು ತೋರಿಸುತ್ತಿತ್ತು! ಬೀದಿ ತಿರುವು ದಾಟಿದ್ದೇ ತಡ, ಆ ಗುಂಡಿ ಒತ್ತಿದೆ. ಕಾರು ಹೇಗೂ ತಣ್ಣಗಿದೆ, ಹೋಟೆಲ್ ಬರುವವರೆಗೆ ತಂಪು ಎಲ್ಲಿಗೆ ಓಡಿಹೋಗುತ್ತದೆ?

ಅದು ಓಡಿಹೋಯಿತು. ಸೇತುವೆ ಹತ್ತಿರ ಲಾರಿಯೊಂದು ಅಡ್ಡ ನಿಂತು, ವಾಹನಗಳೆಲ್ಲ ಸಾಲುಗಟ್ಟಿದವು. ಹಿಂದಿನ ಗಾಜಿಗೆ ನೆತ್ತಿ ಸುಡುವ ಬಿಸಿಲು.

"ರೀ, ಎಸಿ ಹಾಕಿದೀರಾ?"

"ಹಾಕಿದೀನಿ! ಕೇಳಿಸ್ತಿಲ್ವಾ ಸದ್ದು?" ಎಂದೆ. ಅದು ಸುಳ್ಳಲ್ಲ. ಸದ್ದು ಬರುತ್ತಿತ್ತು. ನನ್ನ ಎದೆಗೆ ಮಂಜಿನಂಥ ಗಾಳಿ ಬಡಿಯುತ್ತಿತ್ತು.

"ನಂಗೆ ಬೆವರು ಇಳೀತಿದೆ."

"ನಂಗೆ ಚಳಿ ಆಗ್ತಿದೆ ಮಾರಾಯ್ತಿ! ನಿಂಗೆ ಗಾಬರಿ, ಅದಕ್ಕೇ ಬೆವರು. ವಯಸ್ಸೂ ಆಯ್ತಲ್ಲ, ಡಾಕ್ಟರು ಹೇಳಿರ್ಲಿಲ್ವಾ, ಈ ವಯಸ್ಸಲ್ಲಿ ಹೆಂಗಸರಿಗೆ ಮೈ ಬಿಸಿ ಏರುತ್ತೆ ಅಂತ?"

ಅವಳು ನಾನು ಹೇಳಿದ್ದನ್ನು ನಂಬಿಬಿಟ್ಟಳು! ಐದು ನಿಮಿಷ ಬಿಟ್ಟು ಮೆಲ್ಲಗೆ, "ಕಿಟಕಿನಾದ್ರೂ ಇಳಿಸ್ಲಾ?" ಎಂದಳು.

"ಬೇಡ ಬೇಡ! ಕ್ರೀಮಿಗೆ ಧೂಳು ಕೂರುತ್ತೆ," ಎಂದೆ. ಕಿಟಕಿ ತೆರೆದರೆ ಕಾರಿನೊಳಗೆ ಗಾಳಿ ನುಗ್ಗಿ ಸರಾಸರಿ ಬೀಳುತ್ತದೆ ಎಂದು ಇನ್ನೂರಾ ಏಳನೆಯ ಪುಟದಲ್ಲಿತ್ತು. ಅದನ್ನು ಹೇಳಲಿಲ್ಲ.

ಸಾಲು ಕದಲಿತು. ಹೋಟೆಲಿಗೆ ಇಳಿಯುವ ರಸ್ತೆ ಇಳಿಜಾರು. ಅಂಕಿ ಏರಿತು, ಏಳು ಪಾಯಿಂಟ್ ಒಂಬತ್ತು. ಹಿಂದಿನಿಂದ 'ಅಯ್ಯೋ' ಎಂಬ ಸಣ್ಣ ದನಿ ಕೇಳಿಸಿತು. ಅದೇ ಕ್ಷಣ ನಾನು ಸ್ಟೀರಿಂಗ್ ಗುದ್ದಿ ಕೂಗಿದೆ: "ಬಂತು! ಬಂತು!"

"ಏನ್ರೀ ಬಂತು?"

"ಹೋಟೆಲ್ ಬಂತು," ಎಂದೆ.

ಬಂದದ್ದು ಎಂಟು.

ಹಿಂದಿನ ಬಾಗಿಲು ತೆರೆದೆ. ಒಲೆಯ ಬಾಗಿಲು ತೆರೆದ ಹಾಗೆ ಮುಖಕ್ಕೆ ಝಳ ಬಡಿಯಿತು. ಅವಳ ರವಿಕೆ ಬೆನ್ನಿಗೆ ಅಂಟಿತ್ತು, ಮುಖ ಕೆಂಪಗೆ ಬೆಂದಿತ್ತು. ಮೂರಂತಸ್ತು ಎರಡೂವರೆಯಾಗಿತ್ತು. ಮೇಲಿನದು ಒಂದು ಕಡೆ ವಾಲಿ, ಗುಲಾಬಿಗಳೆಲ್ಲ ಜಾರಿ ಕೆಳಗಿನ ಗೋಡೆಗೆ ಮೆತ್ತಿಕೊಂಡಿದ್ದವು. ಆ ಕ್ಷಣಕ್ಕೇ ನನಗೆ ಎಲ್ಲ ಗೊತ್ತಾಯಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

ಒಳಗೆ ಅಡುಗೆಮನೆಯಲ್ಲಿ ಕಾದಿದ್ದ ಹೋಟೆಲಿನ ಶೆಫ್ ಒಳ್ಳೆಯ ಮನುಷ್ಯ. ಒಂದು ಚಮಚ ತೆಗೆದು ಬಾಯಿಗಿಟ್ಟು ಕಣ್ಣು ಮುಚ್ಚಿದರು. "ರುಚಿಗೆ ಎರಡು ಮಾತಿಲ್ಲಮ್ಮ. ಆದ್ರೆ ಇದು ನಿಂತಿಲ್ವಲ್ಲ! ನಮ್ಮಲ್ಲಿ ಅಡುಗೆಮನೆಯಿಂದ ಮದುವೆ ಹಾಲ್‌ಗೆ ಹೋಗಿ ಎರಡು ಗಂಟೆ ನಿಲ್ಲಬೇಕು. ದಾರೀಲಿ ಏನಾದ್ರೂ ತೊಂದ್ರೆ ಆಯ್ತಾ? ಬಿಸಿಲಲ್ಲಿ ಬಂದ್ರಾ?"

ಕೇಳುವ ದನಿಯಲ್ಲೇ ಮತ್ತೊಂದು ಅವಕಾಶವಿತ್ತು. ಅದು ನನಗೂ ಕೇಳಿಸಿತು.

ಅವಳು ನನ್ನತ್ತ ಒಮ್ಮೆ ನೋಡಿದಳು. "ಇಲ್ಲ ಸಾರ್. ಎಸಿ ಹಾಕ್ಕೊಂಡೇ ಬಂದ್ವಿ, ಇವರಿಗಂತೂ ಚಳಿ ಆಗ್ತಿತ್ತು. ನಾನೇ ಕ್ರೀಮ್ ಸರಿಯಾಗಿ ಕಟ್ಟಿಲ್ಲ ಅನ್ಸುತ್ತೆ. ತಪ್ಪು ನಂದೇ."

ನಾನು ಪಕ್ಕದಲ್ಲೇ ಇದ್ದೆ. ಊರವರ ಮೀಟರಿನ ಮೋಸ ಹಿಡಿದು ಹತ್ತೊಂಬತ್ತು ವರ್ಷ ದಂಡ ಹಾಕಿದ ಮಹಾಶಯ! ಗೋಡೆಗೆ ತೂಗುಹಾಕಿದ ಸೌಟುಗಳನ್ನು ಎಣಿಸಿದೆ. ಹದಿನಾಲ್ಕು ಇದ್ದವು. ಶೆಫ್ ತಲೆಯಾಡಿಸಿ, "ಕ್ರೀಮೇ ಕಟ್ಟಿಲ್ಲ ಅಂದ್ರೆ ಕಷ್ಟಾನಮ್ಮ," ಎಂದು ಕೈ ಒರೆಸಿಕೊಂಡು ಮುಂದಿನವರನ್ನು ಕರೆದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬಾರದಂತೆ ಮಾಡಿದವನು ಅವಳ ಪರ್ಸ್ ಹಿಡಿದುಕೊಂಡು ಹಿಂದೆ ನಡೆದ.

ವಾಪಸಾಗುವಾಗ ಪೆಟ್ಟಿಗೆಯಿಂದ ಕ್ರೀಮ್ ಸೋರಿ ಹಿಂದಿನ ಸೀಟೆಲ್ಲ ಹರಡಿತ್ತು. ಅವಳು ಮುಂದೆ ಬಂದು ಕುಳಿತಳು. ನಾನು ಕಾರು ಚಾಲೂ ಮಾಡಿದೆ. ಪರದೆ ಬೆಳಗಿತು. ಅವಳು ಅದನ್ನೇ ನೋಡುತ್ತಿದ್ದಳು.

"ಇದೇನ್ರೀ ಚಿತ್ರ?"

"ನಮ್ಮ ಕಾರು."

"ಅದು ಗೊತ್ತಾಯ್ತು. ಒಂದು ಸೀಟು ಮಾತ್ರ ಯಾಕೆ ನೀಲಿ? ಮಿಕ್ಕಿದ್ದೆಲ್ಲ ಯಾಕೆ ಬೂದಿ ಬಣ್ಣ?"

ಅವಳು ತನ್ನ ಎದುರಿನ ಗಾಳಿಕಿಂಡಿಗೆ ಕೈ ಹಿಡಿದಳು. ಏನೂ ಬರುತ್ತಿರಲಿಲ್ಲ. ಆಮೇಲೆ ಕೈ ಚಾಚಿ ನನ್ನ ಕಿಂಡಿಗೆ ಹಿಡಿದಳು, ಸ್ವಲ್ಪ ಹೊತ್ತು ಅಲ್ಲೇ ಇಟ್ಟುಕೊಂಡಳು. ನಾನು ಒಂದೇ ಉಸಿರಿಗೆ ಎಲ್ಲ ಒದರಿದೆ: ಯೂನಿಟ್ಟು, ಸರಾಸರಿ, ಶನಿವಾರ, ಗುಮಾಸ್ತ, ನೂರಾ ಎಂಬತ್ತೆರಡನೆಯ ಪುಟ. ಹೇಳುತ್ತಾ ಹೋದಂತೆ ನನ್ನ ಕಿವಿಗೇ ಹೇಸಿಗೆಯಾಯಿತು.

"ಒಳಗೆ ಹೇಳ್ಬೋದಿತ್ತಲ್ಲ," ಎಂದಳು. "ಆಗ್ಲೇ ಗೊತ್ತಿತ್ತಲ್ವಾ ನಿಮ್ಗೆ?"

"ಗೊತ್ತಿತ್ತು," ಎಂದೆ.

ಅವಳು ಬಯ್ಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ! ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡಳು, ಬೆರಳಿಗಂಟಿದ್ದ ಬೆಣ್ಣೆಯನ್ನೂ ಒರೆಸಿಕೊಂಡಳು. ನಾನು ತಡವರಿಸುತ್ತಾ ಪರದೆಯತ್ತ ಕೈ ನೀಡಿದೆ.

"ಇರು, ಎಲ್ಲಾ ಸೀಟಿಗೂ ಬರೋ ಹಾಗೆ ಮಾಡ್ತೀನಿ. ಒಂದೇ ನಿಮಿಷ."

"ಬೇಡ ಬಿಡಿ," ಎಂದು ಅವಳು ಬೆಲ್ಟ್ ಹಾಕಿಕೊಂಡಳು. "ಇಪ್ಪತ್ತೊಂದು ವರ್ಷದಿಂದ ನಂಗೆ ಅಭ್ಯಾಸ ಆಗಿದೆ. ನಡೀರಿ, ಗಾಡಿ ಓಡಿಸಿ."