ಅಂಬ್ರೋಸ್ ಕಳಿಸಿದ ಬದಲಿ

ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಫೋನು ಬಂದದ್ದೇ ಲಿಯೋಟಿಸ್ ಗೇನ್ಸನ ತಾಪತ್ರಯಕ್ಕೆ ಮೂಲ. ಬಾಯಿ ತುಂಬ ನೊರೆ ಇದ್ದುದರಿಂದ ಅವನಿಗೆ ಏನೂ ತಿರುಗಿ ಪ್ರಶ್ನಿಸಲಾಗಲಿಲ್ಲ.

"ನಾನಪ್ಪ, ಅಂಬ್ರೋಸ್ ಪೆಟ್ಟವೇ. ಇವತ್ತು ಸಂಜೆ ಕ್ಲಬ್ಬಿಗೆ ನನಗೆ ಬರೋಕಾಗಲ್ಲ. ನನ್ನ ಬದಲಿಗೆ ನೀನು ನುಡಿಸು. ಮೂರನೇ ಹಾಡಲ್ಲಿ ಡೆಲ್ಫೀನ್ ಸರಪಳಿ ನೆಲಕ್ಕೆ ಹಾಕೋವರೆಗೆ ಬಾಸ್ ಮುಟ್ಬೇಡ. ಆಮೇಲೆ ಒಂದೇ ಸ್ವರ, ತೀರಾ ತಗ್ಗಿನದು. ಉಳಿದವರು ನಿಲ್ಲಿಸಿದ್ರೂ ನೀನು ನಿಲ್ಲಿಸ್ಬೇಡ."

ಫೋನು ಇಟ್ಟ ಸದ್ದು ಬರಲಿಲ್ಲ. ಹಿಮದ ಮೇಲೆ ಹಿಮ ಬಿದ್ದ ಹಾಗೆ ಆ ಕಡೆ ಎಲ್ಲ ಸುಮ್ಮನಾಯಿತು. ಲಿಯೋಟಿಸ್ ಸಂತೋಷಕ್ಕೆ ನೊರೆ ನುಂಗಿಬಿಟ್ಟ.

ಸಂತೋಷಕ್ಕೆ ಕಾರಣವಿತ್ತು. ಅಂಬ್ರೋಸ್ ಬಾಸ್ ನುಡಿಸುತ್ತಿದ್ದ 'ಹವಾಮಾನ ಇಲಾಖೆ' ಎಂಬುದು ಷಿಕಾಗೋದ ಸೌತ್ ಸೈಡಿನ ಜಾಝ್ ತಂಡ. ಅವರು ಸ್ಯಾಕ್ಸೋಫೋನಿನ ಜೊತೆಗೆ ಸೈಕಲ್ ಚಕ್ರ, ತಗಡು, ತೋಟಕ್ಕೆ ನೀರು ಬಿಡುವ ಪೈಪು ಎಲ್ಲವನ್ನೂ ನುಡಿಸುತ್ತಿದ್ದರು. ಒಂದು ಪತ್ರಿಕೆ ಅವರನ್ನು ಮೇಧಾವಿಗಳೆಂದೂ ಇನ್ನೊಂದು ಗುಜರಿಯವರೆಂದೂ ಬರೆದಿತ್ತು. ಆಳೆತ್ತರದ ಪಿಟೀಲಿನಂಥ ಬಾಸ್ ಹಿಡಿದು ಆ ತಂಡದ ನಡುವೆ ನಿಲ್ಲಬೇಕೆಂಬುದು ಲಿಯೋಟಿಸನ ಬಹುಕಾಲದ ಆಸೆ. ಸದ್ಯ ಅವನು ಮದುವೆ ಮನೆಗಳಲ್ಲಿ ಪೋಲ್ಕಾ ಕುಣಿತದ ಹಾಡು ನುಡಿಸಿಕೊಂಡಿದ್ದ. ಆ ಸಂಜೆಯೂ ಒಂದು ಮದುವೆಯಿತ್ತು. ಅದನ್ನು ಒಡನೆಯೇ ಹೋರೇಸ್ ಎಂಬ ಇನ್ನೊಬ್ಬ ಬಾಸಿನವನಿಗೆ ದಾಟಿಸಿದ. ಬರಲಾಗದವನು ತಾನೇ ಬದಲಿ ಕಳಿಸಬೇಕು, ಹಾಗೆ ಬಂದವನನ್ನು ಯಾರೂ ಬೇಡವೆನ್ನಬಾರದು. ಇದು ಆ ಊರಿನ ವಾದ್ಯಗಾರರ ಕಟ್ಟುಪಾಡು.

ಬಾಸ್ ಹೊತ್ತು ಇಳಿದವನನ್ನು ಮೆಟ್ಟಿಲ ಬುಡದಲ್ಲಿ ಮನೆಯೊಡತಿ ಮಿಸ್ ಅರ್ಲೀನ್ ತಡೆದರು. "ಆ ಬೀರು ಹೊತ್ಕೊಂಡು ಎಲ್ಲಿಗೆ ಸವಾರಿ?"

"ಹವಾಮಾನ ಇಲಾಖೆಗೆ, ಮಿಸ್ ಅರ್ಲೀನ್. ಅಂಬ್ರೋಸ್ ಪೆಟ್ಟವೇ ಫೋನ್ ಮಾಡಿ ಅವನ ಜಾಗ ನನಗೆ ಕೊಟ್ಟ."

"ನೀನು ಕ್ಯಾನ್ಸಸ್ ಸಿಟೀಲಿದ್ದಾಗ ಅವನು ಹೋದ್ನಲ್ಲಪ್ಪ. ನಾವೇ ಮಣ್ಣು ಮಾಡಿ ಬಂದ್ವಿ. ಆಮೇಲೆ ಚರ್ಚಲ್ಲಿ ಊಟ. ಕೋಳಿ ಚೆನ್ನಾಗಿತ್ತು, ಆಲೂಗಡ್ಡೆ ಸಲಾಡಿಗೆ ಉಪ್ಪೇ ಇರ್ಲಿಲ್ಲ."

"ಬೆಳಿಗ್ಗೆ ಮಾತಾಡಿದ್ನಲ್ಲ?"

"ಹೌದಾ, ಹೇಗಿದಾನಂತೆ?" ಎಂದು ಅಭ್ಯಾಸಬಲದಿಂದ ಕೇಳಿದ ಮಿಸ್ ಅರ್ಲೀನ್, ಕೇಳಿದ್ದೇನೆಂದು ಹೊಳೆದೊಡನೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಒಂದು ಚಿಲಕ ಬಿತ್ತು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು.

ಯಾರೋ ಚೇಷ್ಟೆ ಮಾಡಿದ್ದಾರೆ ಎಂದುಕೊಂಡ ಲಿಯೋಟಿಸ್, ಬಾಸನ್ನು ಮೂಲೆಗೆ ಒರಗಿಸಿ ಕ್ಲೀವನ್ನನ ಕ್ಷೌರದಂಗಡಿಯಲ್ಲಿ ಕೂತ. ತಲೆ ಅರ್ಧ ಆಗಿದ್ದಾಗ ಸಂಗತಿ ಹೇಳಿದ.

"ಧ್ವನಿ ಹೇಗಿತ್ತು?" ಕ್ಲೀವನ್ ಕೇಳಿದ.

"ಗೊಗ್ಗರು. ನಡುವೆ ಎಲ್ಲೂ ಉಸಿರು ತಗೊಳ್ಳದೆ ಒಂದೇ ಸಮ ಮಾತಾಡಿದ."

ಕತ್ತರಿ ನಿಂತಿತು. "ಅಂಬ್ರೋಸನಿಗೆ ಉಬ್ಬಸ ಕಣೋ. ಎರಡು ಮಾತಿಗೊಂದ್ಸಲ ಏದುಸಿರು ಬಿಡ್ತಿದ್ದ."

"ಹಾಗಾದ್ರೆ ಅವನಲ್ಲ ಬಿಡು."

"ಅವನೇ. ಈಗ ಅವನಿಗೆ ಉಸಿರು ಬೇಕಾಗಿಲ್ವಲ್ಲ." ಕ್ಲೀವನ್ ಬಟ್ಟೆ ಎಳೆದುಕೊಂಡ. "ಏಳು ತಮ್ಮಾ."

"ಇನ್ನರ್ಧ ಬಾಕಿ ಇದೆ ಅಣ್ಣ."

"ಸತ್ತೋನು ಕರೆದಿರೋ ತಲೆಗೆ ನಾನು ಕತ್ತರಿ ಹಾಕಲ್ಲ. ಅವನ ಕೊನೇ ಶೇವೂ ನಂದೇ. ಗದ್ದದ ಹತ್ರ ಒಂಚೂರು ಕುಯ್ದುಬಿಟ್ಟೆ." ಧ್ವನಿ ತಗ್ಗಿಸಿದ. "ಅದರ ಬಗ್ಗೆ ಏನಾದ್ರೂ ಅಂದ್ನಾ?"

ಉಣ್ಣೆಯ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು ಲಿಯೋಟಿಸ್ ರಸ್ತೆ ಬದಿಯ ಫೋನಿಗೆ ಓಡಿದ. ಮದುವೆ ಮನೆಯ ಕೆಲಸವಾದರೂ ಉಳಿಯಲಿ ಎಂಬ ಆಸೆ.

ಹೋರೇಸ್ ನಕ್ಕ. "ಅಜ್ಜಿ ಸತ್ತಳು ಅಂತ ನೆಪ ಹೇಳೋರನ್ನ ನೋಡಿದೀನಿ. ಸತ್ತೋನೇ ಫೋನ್ ಮಾಡ್ದ ಅನ್ನೋನು ನೀನೇ ಮೊದಲು. ನಾನಾಗ್ಲೇ ಟೈ ಕಟ್ಕೊಂಡಾಯ್ತು, ಇಡು."

ಇನ್ನು ಉಳಿದದ್ದು ಕ್ಲಬ್ಬು ಮಾತ್ರ. ಅದು ನೆಲಮಾಳಿಗೆಯಲ್ಲಿತ್ತು. ಮಧ್ಯಾಹ್ನದಲ್ಲೂ ಒಳಗೆ ಒಂದೇ ದೀಪ. ಮೇಲೆ ರೈಲು ಹೋದಾಗಲೆಲ್ಲ ಖಾಲಿ ಕುರ್ಚಿಗಳು ಯಾರೋ ಕೂತಂತೆ ಕಿರುಗುಟ್ಟುತ್ತಿದ್ದವು. ತಂಡದ ಯಜಮಾನಿ ಡೆಲ್ಫೀನ್ ರಕರ್ ಕುತ್ತಿಗೆಗೆ ಸ್ಯಾಕ್ಸೋಫೋನ್ ಹಾಕಿಕೊಂಡು ಸಂಜೆಯ ಕಾರ್ಯಕ್ರಮಕ್ಕೆ ತಾಲೀಮು ನಡೆಸುತ್ತಿದ್ದಳು.

"ಯಾರು ಕಳಿಸಿದ್ದು?"

ದಾರಿಯುದ್ದಕ್ಕೂ ಹೊಂದಿಸಿಟ್ಟುಕೊಂಡಿದ್ದ ಸುಳ್ಳು ಹೊತ್ತಿಗೆ ಸರಿಯಾಗಿ ಕೈಕೊಟ್ಟಿತು. "ಅಂಬ್ರೋಸ್," ಎಂದ.

ಯಾರೂ ನಗಲಿಲ್ಲ. ತಿರುಗುತ್ತಿದ್ದ ಸೈಕಲ್ ಚಕ್ರ ಟಿಕ್ ಟಿಕ್ ಎನ್ನುತ್ತ ನಿಂತಿತು.

"ಏನಂದ?"

ಸರಪಳಿಯ ವಿಷಯ, ತಗ್ಗಿನ ಸ್ವರದ ವಿಷಯ ಲಿಯೋಟಿಸ್ ಒಪ್ಪಿಸಿದ.

"ಆ ಮೂರನೇ ಹಾಡು ನಾನು ಬರೆದದ್ದು ಹೋದ ಭಾನುವಾರ," ಡೆಲ್ಫೀನ್ ನಿಧಾನವಾಗಿ ಹೇಳಿದಳು. "ಅವನನ್ನ ಮಣ್ಣು ಮಾಡಿದ ಮೇಲೆ. ಬಾಸಿಗೆ ಏನು ಕೊಡೋದು ಅಂತ ನನಗೇ ಹೊಳೆದಿರ್ಲಿಲ್ಲ."

"ಹಾಗಾದ್ರೆ... ನಾನು ಹೊರಡ್ಲಾ?"

"ಯಾಕೆ? ಅವನು ಬದಲಿ ಕಳಿಸಿದ, ನೀನು ಬಂದೆ. ಟೋಪಿ ತೆಗಿ."

ತೆಗೆದ. ಒಂದು ಕಡೆ ಕಾಡು, ಒಂದು ಕಡೆ ಬಯಲು. ಡೆಲ್ಫೀನ್ ಬಹಳ ಹೊತ್ತು ನೋಡಿದಳು. "ಚೆನ್ನಾಗಿದೆ. ನಮ್ಮ ತಂಡಕ್ಕೆ ಒಪ್ಪುತ್ತೆ."

ಮೂರನೆಯದು ಶುರುವಾಯಿತು. ಸರಪಳಿ ನೆಲಕ್ಕೆ ಬಿತ್ತು. ಲಿಯೋಟಿಸ್ ಕಮಾನು ಎಳೆದ. ಅಂಥ ಸ್ವರ ತನ್ನ ಬಾಸಿನಲ್ಲಿದೆಯೆಂದು ಅವನಿಗೇ ಗೊತ್ತಿರಲಿಲ್ಲ. ಕಪಾಟಿನ ಸೀಸೆಗಳು ಗುಂಯ್‌ಗುಟ್ಟಿದವು. ಒಬ್ಬೊಬ್ಬರಾಗಿ ಉಳಿದವರೆಲ್ಲ ನಿಲ್ಲಿಸಿದರು, ಅವನು ನಿಲ್ಲಿಸಲಿಲ್ಲ. ಜೀವನದಲ್ಲಿ ಮೊದಲ ಸಲ ತಾನು ಇರಬೇಕಾದ ಜಾಗದಲ್ಲಿ ಇದ್ದೇನೆ ಅನ್ನಿಸಿತು. ಕಡೆಗೆ ತೋಳು ಸೋತು ಕಮಾನನ್ನು ತಂತಿಯಿಂದ ಎತ್ತಿದ.

ಸ್ವರ ನಿಲ್ಲಲಿಲ್ಲ.

ಅದು ಈಗ ಮೆಟ್ಟಿಲ ಕಡೆಯಿಂದ ಬರುತ್ತಿತ್ತು. ಅದರ ಜೊತೆಗೆ, ಭಾರವಾದ ಮರದ ವಸ್ತುವೊಂದನ್ನು ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಸುವ ಸದ್ದು.

"ಬಂದ," ಡೆಲ್ಫೀನ್ ತಿರುಗಿಯೂ ನೋಡದೆ ಹೇಳಿದಳು. "ಸುಮ್ನೆ ಇರೋನಲ್ಲ ಅವನು. ಜಾಗದೋನು ಬಂದ್ರೆ ಬದಲಿಯೋನು ಎದ್ದು ಹೋಗ್ಬೇಕು, ತಮ್ಮಾ. ಬೇಜಾರು ಮಾಡ್ಕೋಬೇಡ."

"ಅವನು ಸತ್ತಿದಾನೆ."

"ಹೌದು. ಆದ್ರೂ ಬಂದಿದಾನೆ. ನಮ್ಮ ಡ್ರಮ್ಮಿನೋನು ಬದುಕಿದ್ದೂ ಇನ್ನೂ ಬಂದಿಲ್ಲ."

ಲಿಯೋಟಿಸ್ ಬಾಸನ್ನು ಚೀಲಕ್ಕೆ ಹಾಕಿಕೊಂಡು ಹೊರಟ. ಮೆಟ್ಟಿಲು ಇಕ್ಕಟ್ಟು, ಎರಡು ಬಾಸ್ ಹಿಡಿಸುವಂತಿರಲಿಲ್ಲ. ನಡುವೆ ಅವನು ಗೋಡೆಗೆ ಒತ್ತಿಕೊಂಡು ನಿಂತ. ಕಣ್ಣಿಗೆ ಏನೂ ಕಾಣಲಿಲ್ಲ. ಅಗಲವಾದ, ತಣ್ಣಗಿನ ಮರವೊಂದು ಮಾತ್ರ ಅವನ ಕೋಟನ್ನು ಸವರಿಕೊಂಡು ಇಳಿಯಿತು.

"ಥ್ಯಾಂಕ್ಸ್ ಮಗಾ," ಕಿವಿಯ ಪಕ್ಕದಲ್ಲೇ ಮಾತು ಕೇಳಿಸಿತು. "ಮನಸ್ಸು ತಡೀಲಿಲ್ಲ. ಅಲ್ಲಿಂದ ತಪ್ಪಿಸ್ಕೊಂಡು ಬಂದ್ಬಿಟ್ಟೆ."

"ಎಲ್ಲಿಂದ?"

"ನಮ್ಮ ಕಡೆಯಿಂದ. ಅಲ್ಲೂ ಒಂದು ತಂಡ ಇದೆ, ಇವತ್ತೇ ಕಾರ್ಯಕ್ರಮ. ನೀನೇನೂ ಯೋಚ್ನೆ ಮಾಡ್ಬೇಡ, ನನ್ನ ಬದಲಿಗೆ ನಿನ್ನ ಹೆಸರು ಕೊಟ್ಟಿದೀನಿ. ಒಳ್ಳೇ ಜನ. ಮೇಲೆ ಗಾಡಿ ಕಾಯ್ತಾ ಇದೆ."

ಮೇಲೆ, ಸಂಜೆಯ ಬೂದು ಬೆಳಕಿನಲ್ಲಿ, ಉದ್ದನೆಯ ಕಪ್ಪು ಗಾಡಿ ನಿಂತಿತ್ತು. ಚಾಲಕ ಹ್ಯಾಟು ತೆಗೆದು ಹಿಂಬಾಗಿಲು ತೆರೆದು ಹಿಡಿದ. ಒಳಗೆ ಒಂದು ಬಾಸ್ ಮಲಗಿಸುವಷ್ಟು ಜಾಗವಿತ್ತು. ಪಕ್ಕದಲ್ಲಿ ಒಬ್ಬ ಮನುಷ್ಯನಿಗೂ.

"ವಾಪಸ್ ಎಷ್ಟೊತ್ತಿಗೆ ತಂದು ಬಿಡ್ತೀರಿ?" ಲಿಯೋಟಿಸ್ ಕೇಳಿದ.

ಚಾಲಕ ಮರ್ಯಾದೆಯಿಂದ ತಲೆ ತಗ್ಗಿಸಿದ. "ನನಗೆ ಹೋಗೋದಕ್ಕೆ ಮಾತ್ರ ಹೇಳಿದಾರೆ, ಸಾರ್."