ಬದನೆಕಾಯಿಯ ಮೇಲಿನ ಆರೋಪ

ಮೈ ಕೆರೆದುಕೊಳ್ಳುವುದರಲ್ಲಿ ಸುಖವಿದೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ; ನಾನು ಹೇಳುತ್ತೇನೆ. ಪಶ್ಚಾತ್ತಾಪವೆಲ್ಲ ಆಮೇಲಿನದು. ತೊಂಬತ್ತರ ದಶಕದ ಮಾತು. ಧಾರವಾಡದಿಂದ ನಾಗಪುರಕ್ಕೆ ವರ್ಗವಾಗಿ ಬಂದು, ಅಲ್ಲಿನ ಬಜಾಜ್ ನಗರದಲ್ಲಿ ಕಳೆದ ಮೂರನೆಯ ಚಳಿಗಾಲದಲ್ಲಿ ನನ್ನ ಎರಡೂ ಕೈಗಳ ಚರ್ಮ ಒಣಗಿ, ಬಿರಿದು, ವಿಪರೀತ ತುರಿಸತೊಡಗಿತು. ಕಚೇರಿಯ ಸ್ಕೇಲು, ಪೆನ್ನಿನ ಮುಚ್ಚಳ, ಫೈಲಿನ ಅಂಚು ಯಾವುದನ್ನೂ ನಾನು ಬಿಡಲಿಲ್ಲ.

ಇದು ಯಾಕೆ ಬರುತ್ತದೆಂಬ ಕುತೂಹಲ ತುರಿಕೆಗಿಂತ ಹೆಚ್ಚು ಕಾಡಿತು. ನಮ್ಮವರಲ್ಲಿ ಉತ್ತರ ಸಿದ್ಧವಿರುತ್ತದೆ: ತಿಂದದ್ದು ನಂಜಾಗಿದೆ. ಹೆಂಡತಿ ಮೊದಲು ಬದನೆಕಾಯಿ ನಿಲ್ಲಿಸಿದಳು, ಆಮೇಲೆ ಶೇಂಗಾ. ಕೊನೆಗೆ, ಊರ ತುಂಬ ಕಿತ್ತಳೆ ರಾಶಿ ಬಿದ್ದಿರುವಾಗ, ಕಿತ್ತಳೆಯನ್ನೂ. ನಾನೊಂದು ಡೈರಿ ಇಟ್ಟು ತಿಂದದ್ದನ್ನೂ ಕೆರೆದದ್ದನ್ನೂ ಬರೆದೆ. ಬರೀ ಮಜ್ಜಿಗೆ ಅನ್ನ ಉಂಡ ದಿನವೂ ತುರಿಸಿತು. “ಮಜ್ಜಿಗಿ ಹುಳಿ ಆಗಿತ್ತೇನೋ ರೀ” ಎಂದಳು.

ಅಷ್ಟನ್ನು ಸಹಿಸಬಹುದಿತ್ತು. ಆದರೆ ನಮ್ಮ ಕನ್ನಡ ಸಂಘದ ಯುಗಾದಿ ಊಟಕ್ಕೆ ಎಣ್ಣೆಗಾಯಿ ಬಡಿಸುವವನು ನಾನು. ಇಡೀ ಬದನೆಕಾಯಿಯನ್ನು ಒಡೆಯದೆ ಎಲೆಗಿಳಿಸುವ ಕೈ ನನ್ನದು. ಆ ಪರವೂರಿನಲ್ಲಿ ನನಗಿದ್ದ ಮರ್ಯಾದೆ ಅದೊಂದೇ. ಹಬ್ಬಕ್ಕೆ ಒಂದೂವರೆ ತಿಂಗಳಿರುವಾಗ ಕಾರ್ಯದರ್ಶಿ ದೇಸಾಯರು ನನ್ನ ಕೈ ನೋಡಿ, “ಈ ಸಲ ನೀವು ಕುಂತು ಆರಾಮ ಉಣ್ರಿ ಸಾಹೇಬ್ರ. ಮಂದಿ ಏನರ ಅಂತಾರ” ಎಂದರು. ನನಗೆ ಅಳುವೇ ಬಂತು.

ಮರುದಿನವೇ ಸದರ್ ಬಡಾವಣೆಯ ಚರ್ಮದ ಡಾಕ್ಟರ ಬಳಿ ಓಡಿದೆ. ಅವರು ನನ್ನ ಡೈರಿ ತಿರುವಿ ಹಾಕಿ, ಇದು ಇಸಬು, ಒಬ್ಬರಿಂದ ಒಬ್ಬರಿಗೆ ಅಂಟುವುದಲ್ಲ ಎಂದು ಹಿಂದಿಯಲ್ಲಿ ಹೇಳಿದರು. ಆಮೇಲೆ, ಸ್ನಾನ ಹೇಗೆ ಮಾಡುತ್ತೀರಿ ಎಂದರು. ಹೆಮ್ಮೆಯಿಂದಲೇ ಹೇಳಿದೆ: ಹೊಗೆಯಾಡುವ ನೀರು, ಮೈ ಕೆಂಪಾಗುವವರೆಗೆ ಕಲ್ಲಿನಿಂದ ತಿಕ್ಕುವುದು, ತುರಿಕೆ ಬಂದ ಮೇಲಂತೂ ದಿನಕ್ಕೆ ಮೂರು ಸಲ. ಡಾಕ್ಟರು ಪೆನ್ನು ಕೆಳಗಿಟ್ಟರು. ಬದನೆಕಾಯಿ ಪಾಪ ಏನೂ ಮಾಡಿಲ್ಲ, ಮಾಡಿದ್ದೆಲ್ಲ ನೀವೇ ಎಂದರು. ಉಗುರುಬೆಚ್ಚಗಿನ ನೀರು, ಬೇಗ ಮುಗಿಯುವ ಸ್ನಾನ, ಕಲ್ಲಿಗೆ ವಿದಾಯ, ಸಾಬೂನು ಕಡಿಮೆ, ಟವೆಲು ಒತ್ತಿ ಮೈ ಇನ್ನೂ ಹಸಿಯಿರುವಾಗಲೇ ಮುಲಾಮು. ಇಷ್ಟೇ ಅವರ ಚಿಕಿತ್ಸೆ.

ಯುಗಾದಿಯ ಹೊತ್ತಿಗೆ ಕೈ ನುಣ್ಣಗಾಯಿತು. ದೇಸಾಯರು ಹೊರಳಿಸಿ ಹೊರಳಿಸಿ ನೋಡಿ, “ಏನ್ ತಿನ್ನೂದು ಬಿಟ್ರಿ?” ಎಂದರು. “ಕುದಿಯೋ ನೀರು ಬಿಟ್ಟೆ” ಎಂದರೆ ನಂಬಲಿಲ್ಲ. ಆದರೂ ಎಣ್ಣೆಗಾಯಿಯ ಬಕೆಟ್ಟು ನನ್ನ ಕೈಗೆ ಬಂತು. ಬಡಿಸುತ್ತ ಬಡಿಸುತ್ತ ಅವರ ಎಲೆಯ ಮುಂದೆ ಬಂದೆ. ಎಡಗೈಯಿಂದ ಕತ್ತು ಕೆರೆದುಕೊಳ್ಳುತ್ತ, “ಎರಡು ಹಾಕ್ರಿ” ಎಂದರು. ಡಾಕ್ಟರ ಮಾತು ನನಗೆ ಬಾಯಿಪಾಠವಾಗಿತ್ತು. ಆದರೂ ಸೌಟು ಹಿಂದಕ್ಕೆ ಎಳೆದುಕೊಂಡೆ.

“ನಿಮಗ ಬ್ಯಾಡ್ರಿ, ನಂಜಾಕ್ಕೈತಿ” ಎಂದು ಮುಂದಿನ ಎಲೆಗೆ ಹೋದೆ.