ವೆಲ್ಡಾ ಕಟ್ಟಿದ ಕೊನೆಯ ಜಿಗ್

ಆ ಶನಿವಾರದ ಅವಾಂತರಕ್ಕೆಲ್ಲ ಮೂಲ ಹೆಬ್ಬೆರಳ ತುದಿಯಷ್ಟು ದೊಡ್ಡ ಒಂದು ಸೀಸದ ತುಂಡು. ಅದಕ್ಕೊಂದು ಕೊಕ್ಕೆ, ಕೊಕ್ಕೆಯ ಸುತ್ತ ಕಂದು ಬಣ್ಣದ ರಬ್ಬರ್ ಎಳೆಗಳ ಲಂಗ, ತಲೆಯ ಎರಡೂ ಪಕ್ಕ ಉಗುರು ಬಣ್ಣದಲ್ಲಿ ಬರೆದ ಕಣ್ಣು. ಬಾಸ್ ಮೀನು ಹಿಡಿಯುವವರು ಇದನ್ನು ಜಿಗ್ ಅನ್ನುತ್ತಾರೆ. ಕೆರೆಯ ತಳದಲ್ಲಿ ಮೆಲ್ಲಗೆ ಕುಣಿಸಿದರೆ ಬಾಸ್ ಮೀನಿನ ಕಣ್ಣಿಗೆ ಸಿಗಡಿಯ ಹಾಗೆ ಕಾಣುತ್ತದಂತೆ. ಡೆನ್ಸಿಲ್ ಪೋಗ್‌ನ ಕಣ್ಣಿಗೆ ಮಾತ್ರ ಅದು ತೀರಿಹೋದ ಹೆಂಡತಿಯ ಹಾಗೆ ಕಾಣುತ್ತಿತ್ತು.

ವೆಲ್ಡಾ ಅದನ್ನು ಆಸ್ಪತ್ರೆಯ ಹಾಸಿಗೆಯಲ್ಲಿ ದಿಂಬಿಗೆ ಒರಗಿ ಕೂತು ಕಟ್ಟಿದ್ದಳು. ಬೆರಳು ನಡುಗಿ ಒಂದು ಕಣ್ಣು ದೊಡ್ಡದಾಗಿ, ಇನ್ನೊಂದು ಚಿಕ್ಕದಾಗಿ, ಜಿಗ್ ಯಾರನ್ನೋ ಅನುಮಾನದಿಂದ ನೋಡುವಂತಿತ್ತು. ಅದನ್ನು ಗಂಡನ ಅಂಗೈಯಲ್ಲಿಟ್ಟು ಹೇಳಿದ್ದಳು: "ಇದನ್ನ ಗೋಡೆಗೆ ನೇತುಹಾಕಿ ನೋಡ್ತಾ ಕೂರ್ಬೇಡ, ಡೆನ್ಸಿ. ನೀರಿಗೆ ಹಾಕು. ಈ ವರ್ಷ ಒಂದೇ ಒಂದು ಮೀನು ಹಿಡಿ. ಹಿಡಿದು, ಮುತ್ತು ಕೊಟ್ಟು, ಬಿಟ್ಬಿಡು."

ಡೆನ್ಸಿಲ್ ಆಗಲಿ ಎಂದು ಮಾತು ಕೊಟ್ಟ. ಕೊಟ್ಟ ಮೇಲೆ ಚಿಂತೆಗೆ ಬಿದ್ದ. ಅವರ ಮನೆಯಲ್ಲಿ ಗಾಳ ಹಿಡಿದವಳು ಅವಳು. ಅವನು ಕೌಂಟಿಯ ಮಣ್ಣುದಾರಿಗಳನ್ನು ಸಮ ಮಾಡುವ ಯಂತ್ರ ನಡೆಸಿದವನು. ಆ ಯಂತ್ರದ ನಡುಕ ಕೈಗೆ ಹತ್ತಿ ಹತ್ತಿ ಅವನ ಬೆರಳುಗಳು ಬಿಸಿ ತಣ್ಣಗಿನ ಭೇದವನ್ನೇ ಮರೆತಿದ್ದವು. ಜಿಗ್ ಆಡಿಸುವುದೋ, ಪೂರ್ತಿ ಬೆರಳಿನ ವಿದ್ಯೆ. ಮೀನು ಕಚ್ಚಿದ್ದು ತನಗೆ ಹೇಗೆ ತಿಳಿಯಬೇಕು ಎಂದು ಅವನು ಕೇಳಿದಾಗ ವೆಲ್ಡಾ ಹೇಳಿದ್ದಳು:

"ಏನೂ ತಿಳಿಯಲ್ಲ. ಅದೇ ಗುರುತು. ದಾರದ ತುದೀಲಿದ್ದ ಭಾರ ಇದ್ದಕ್ಕಿದ್ದ ಹಾಗೆ ಇಲ್ಲ ಅನ್ಸುತ್ತೆ. ಆಗ ತಡ ಮಾಡ್ದೆ ಎಳೀಬೇಕು."

ಆಮೇಲೆ ಅವಳು ಬಹಳ ದಿನ ಇರಲಿಲ್ಲ.

ಬೇಸಿಗೆಯುದ್ದಕ್ಕೂ ಡೆನ್ಸಿಲ್ ಅಂಗಡಿಯ ಜಿಗ್‌ಗಳಲ್ಲಿ ಪಾಠ ಕಲಿತ. ಆ ಕೆರೆಯ ದಂಡೆಯವರಿಗೊಂದು ರೂಢಿ: ಹಬ್ಬ ಮುಗಿದ ಮೇಲೆ ಕ್ರಿಸ್‌ಮಸ್ ಮರಕ್ಕೆ ಸಿಮೆಂಟಿನ ಇಟ್ಟಿಗೆ ಕಟ್ಟಿ ತಮ್ಮ ತಮ್ಮ ದೋಣಿಕಟ್ಟೆಯ ಮುಂದೆ ಮುಳುಗಿಸುವುದು. ಮೀನಿಗೆ ಅದು ಮನೆ. ವೆಲ್ಡಾಳ ಮರಗಳನ್ನು ವರ್ಷ ವರ್ಷವೂ ಹೊತ್ತು ಮುಳುಗಿಸಿದವನು ಡೆನ್ಸಿಲ್‌ನೇ. ಈಗ ಆ ಮರಗಳು ಅವನ ಒಂದೊಂದೇ ಜಿಗ್ ನುಂಗಿದವು. ಕೊಕ್ಕೆ ಕೊಂಬೆಗೆ ಸಿಕ್ಕಾಗಲೆಲ್ಲ ಅವನು "ಸಿಕ್ತು, ಸಿಕ್ತು" ಎಂದು ಕೂಗುವುದು, ಪಕ್ಕದ ಮನೆಯ ಹೋಬರ್ಟ್ ಫೋಟೋ ತೆಗೆಯಲು ಓಡಿ ಬರುವುದು, ದಾರ ಕಿತ್ತು ಡೆನ್ಸಿಲ್ ಹಿಂದಕ್ಕೆ ಕೂತುಬಿಡುವುದು. ಹೋಬರ್ಟ್ ಚರ್ಚಿನ ಹಿರಿಯ. ಗಾಳದ ವಿಷಯದಲ್ಲಿ ಅವನ ಬಾಯಿಗೆ ಭಾನುವಾರವೂ ಬಿಡುವಿಲ್ಲ. ಈ ಬೇಸಿಗೆಯಲ್ಲಿ ಡೆನ್ಸಿಲ್ ಹಿಡಿದಷ್ಟು ಮರವನ್ನು ಯಾವ ಸಾಮಿಲ್ಲಿನವರೂ ಹಿಡಿದಿಲ್ಲ ಎಂದು ಚರ್ಚಿನ ಮೆಟ್ಟಿಲ ಮೇಲೆ ನಿಂತು ಸಾರಿದ್ದ.

ವೆಲ್ಡಾಳ ಜಿಗ್ ಮಾತ್ರ ಡಬ್ಬಿಯಲ್ಲೇ ಇತ್ತು. ನೀರಿಗೆ ಹಾಕಿದರೆ ಮರದ ಪಾಲು, ಹಾಕದಿದ್ದರೆ ಕೊಟ್ಟ ಮಾತು ಮಣ್ಣುಪಾಲು. ಬಾಯಲ್ಲಿಟ್ಟ ಬಿಸಿತುಪ್ಪದಂತೆ ಅದನ್ನಿಟ್ಟುಕೊಂಡು ಅವನು ಅಕ್ಟೋಬರ್‌ವರೆಗೆ ಬಂದ. ಇನ್ನು ಮುಂದಕ್ಕೆ ದಾರಿಯಿರಲಿಲ್ಲ. ಸೋಮವಾರದಿಂದ ಅಣೆಕಟ್ಟಿನವರು ಚಳಿಗಾಲಕ್ಕೆಂದು ನೀರಿಳಿಸುತ್ತಾರೆ. ವಸಂತದವರೆಗೆ ದೋಣಿಕಟ್ಟೆ ಕೆಸರಿನ ಮೇಲೆ. ಭಾನುವಾರ ದೇವರದು. ಉಳಿದದ್ದು ಆ ಶನಿವಾರ ಒಂದೇ.

ಡೆನ್ಸಿಲ್ ಬೆಳಿಗ್ಗೆ ಎದ್ದು, ಕ್ಷೌರ ಮಾಡಿಕೊಂಡು, ಪ್ರಾರ್ಥನೆ ಮುಗಿಸಿ, ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು ಯಾರಿಗೂ ತಿಳಿಯದ ಹಾಗೆ ಕಟ್ಟೆಗೆ ಹೋದ. ಹೋಬರ್ಟ್ ಆಗಲೇ ಅಲ್ಲಿ ಮಡಚುವ ಕುರ್ಚಿ ಹಾಕಿ ಕೂತಿದ್ದ. ಅವನ ಹೆಂಡತಿ ಮೋಡೀನ್ ಹುರುಳಿಕಾಯಿ, ಮೆಕ್ಕೆಜೋಳದ ಬ್ರೆಡ್ಡು ಕಟ್ಟಿಕೊಂಡು ಬಂದಿದ್ದಳು.

ಮೊದಲ ಎಸೆತಕ್ಕೆ ಜಿಗ್ ಹೋಬರ್ಟನ ಟೋಪಿಯನ್ನು ಎತ್ತಿಕೊಂಡು ಕೆರೆಗೆ ಹಾರಿತು. ಟೋಪಿ ಮುಳುಗಿತು, ಜಿಗ್ ಬಂತು. ಎರಡನೆಯ ಎಸೆತಕ್ಕೆ ಅದು ಹಿಂದಕ್ಕೇ ಹೋಗಿ ಡೆನ್ಸಿಲ್‌ನ ಪ್ಯಾಂಟಿನ ಕೂರುವ ಜಾಗದಲ್ಲಿ ಆಳವಾಗಿ ನಾಟಿಕೊಂಡಿತು. ಮೋಡೀನ್ ಕತ್ತರಿ ತಂದು ಬಗ್ಗಿದಳು.

"ಜಿಗ್ ಮುಟ್ಬೇಡಿ ಸಿಸ್ಟರ್ ಮೋಡೀನ್, ಪ್ಯಾಂಟ್ ಕತ್ತರಿಸಿ," ಎಂದ ಡೆನ್ಸಿಲ್, ಚರ್ಚಿನವರು ಒಬ್ಬರನ್ನೊಬ್ಬರು ಕರೆಯುವ ರೂಢಿಯಲ್ಲೇ. ಅವಳು ಕಣ್ಣು ಅರೆಮುಚ್ಚಿ ಅಂಗೈಯಗಲ ಬಟ್ಟೆ ಕತ್ತರಿಸಿ ತೆಗೆದಳು. ಮೂರನೆಯ ಎಸೆತಕ್ಕೆ ಅವನು ಹಿಂದೆ ಕಿಟಕಿ ತೆರೆದುಕೊಂಡೇ ನಿಂತ.

ಈ ಸಲ ಜಿಗ್ ಎಲೆ ಉದುರಿದಂತೆ ನೀರಿಗೆ ಬಿತ್ತು. ದಾರ ಸುರುಳಿ ಬಿಚ್ಚುತ್ತ ಕೆಳಗೆ ಇಳಿಯಿತು, ಇಳಿಯಿತು. ಆಮೇಲೆ ಇಳಿಯುವುದು ನಿಂತಿತು. ಬೆರಳಿಗೆ ಹಗುರ ಅನ್ನಿಸಿತು. ತಳ ಮುಟ್ಟಿತು ಎಂದುಕೊಂಡು ಡೆನ್ಸಿಲ್ ಸಮಾಧಾನದ ಉಸಿರು ಬಿಟ್ಟ. ನಿಧಾನವಾಗಿ ಗಾಳದ ಕೋಲು ಎತ್ತಿದ. ಅದು ಬಾಗಿತು, ಅಲುಗಲಿಲ್ಲ.

ಬೇಸಿಗೆಯ ಪಾಠ ಅವನಿಗೆ ನೆನಪಿತ್ತು. ಕೂಗಲಿಲ್ಲ. "ಮರ," ಎಂದ ಸಣ್ಣ ದನಿಯಲ್ಲಿ.

ಹೋಬರ್ಟ್ ಎದ್ದು ಬಂದು, ನಾಡಿ ನೋಡುವ ವೈದ್ಯನಂತೆ ದಾರದ ಮೇಲೆ ಎರಡು ಬೆರಳಿಟ್ಟು ಕಣ್ಣು ಮುಚ್ಚಿದ. "ಮರವೇ. ಜೀವ ಇಲ್ಲ ಇದ್ರಲ್ಲಿ. ಕತ್ತರಿಸಪ್ಪ, ಡೆನ್ಸಿಲ್."

ಅದಕ್ಕಿಂತ ನನ್ನ ಕೈ ಕತ್ತರಿಸು ಎಂದ ಡೆನ್ಸಿಲ್. ನಗಲು ಹೊರಟಿದ್ದ ಹೋಬರ್ಟ್ ಅವನ ಮುಖ ನೋಡಿ ತಡೆದುಕೊಂಡ.

"ದಾರ ಸಡಿಲ ಬಿಟ್ಟು ಊಟಕ್ಕೆ ಕೂತ್ಕೊಳ್ಳಿ ಬ್ರದರ್ ಡೆನ್ಸಿಲ್," ಎಂದಳು ಮೋಡೀನ್. "ವೆಲ್ಡಾ ಹಾಗೇ ಮಾಡ್ತಿದ್ಲು."

"ಸಡಿಲ ಬಿಟ್ರೆ ಮರ ಏನು ನಡ್ಕೊಂಡು ಬರುತ್ತಾ?" ಎಂದು ಹೋಬರ್ಟ್ ಅವಳ ಬಾಯಿ ಮುಚ್ಚಿಸಿದ. ಡೆನ್ಸಿಲ್‌ಗೂ ಸಡಿಲ ಬಿಡುವ ಮನಸ್ಸಿರಲಿಲ್ಲ. ಅವನು ದಾರವನ್ನು ವೀಣೆಯ ತಂತಿಯಂತೆ ಬಿಗಿದು ಹಿಡಿದು ನಿಂತೇ ಇದ್ದ.

ಮುಂದೆ ಹೋಬರ್ಟ್ ದೋಣಿ ತಂದ. ಮರ ಮುಳುಗಿದ್ದ ಜಾಗದ ಮೇಲೆ ಅದನ್ನು ನಿಲ್ಲಿಸಿ, ಲಂಗರು ಇಳಿಸಿ ಕೊಂಬೆಗೆ ಸಿಕ್ಕಿಸಿದ. ಸಿಕ್ಕಿಸಿದ ಸಂತೋಷಕ್ಕೆ ಎದ್ದು ನಿಂತು ತಾನೇ ನೀರಿಗೆ ಬಿದ್ದ. ಒದ್ದೆಯಾಗಿ ದಡಕ್ಕೆ ಬಂದವನು ಲಂಗರಿನ ಹಗ್ಗವನ್ನು ತನ್ನ ಟ್ರಕ್ಕಿಗೆ ಬಿಗಿದ. ಭಾರ ಎಳೆಯುವ ವಿದ್ಯೆ ಡೆನ್ಸಿಲ್‌ಗೆ ಗೊತ್ತಿದ್ದದ್ದೇ. ನಿಧಾನ, ಸ್ವಲ್ಪ ಎಡಕ್ಕೆ, ಈಗ ನಿಲ್ಲಿಸು ಎಂದು ಕಟ್ಟೆಯ ಮೇಲಿಂದಲೇ ಹೇಳಿಕೊಟ್ಟ. ಆ ದಿನ ಅವನು ಅಳುಕದೆ ಮಾತಾಡಿದ್ದು ಅಷ್ಟೇ ಹೊತ್ತು.

ಮರ ಮೇಲೆ ಬಂತು. ಎಲೆಯೆಲ್ಲ ಕಳೆದು ಬರೀ ಪಕ್ಕೆಲುಬು. ಪಾಚಿಯ ನಡುವೆ ಬೆಳ್ಳಿಯ ಜರಿಯ ಒಂದು ಎಳೆ ಇನ್ನೂ ಹೊಳೆಯುತ್ತಿತ್ತು. ಹೋದ ಕ್ರಿಸ್‌ಮಸ್ಸಿನ ಮರ ಅದು. ಮೀನುಗಳಿಗೂ ಹಬ್ಬ ಇರಲಿ ಎಂದು ವೆಲ್ಡಾ ಆ ಜರಿಯನ್ನು ಬಿಚ್ಚಗೊಟ್ಟಿರಲಿಲ್ಲ. ಕೊಂಬೆ ಕೊಂಬೆಗೂ ಡೆನ್ಸಿಲ್ ಬೇಸಿಗೆಯಲ್ಲಿ ಕಳೆದುಕೊಂಡ ಜಿಗ್‌ಗಳು ಅಲಂಕಾರಕ್ಕೆಂದೇ ಕಟ್ಟಿದ ಹಾಗೆ ತೂಗುತ್ತಿದ್ದವು. ಮೋಡೀನ್ ಒಂದೊಂದನ್ನೇ ಮುಟ್ಟಿ ನೋಡಿದಳು. ಒಂದು ಕಣ್ಣು ದೊಡ್ಡದು, ಒಂದು ಕಣ್ಣು ಚಿಕ್ಕದು ಇರುವ ಜಿಗ್ ಅಲ್ಲಿರಲಿಲ್ಲ.

ಡೆನ್ಸಿಲ್‌ನ ದಾರ ಕೊಂಬೆಗಳ ಒಳಗೆ ಹೊಕ್ಕು ಆಚೆ ಬದಿಯಿಂದ ಹೊರಬಂದು ಮತ್ತೆ ನೀರಿಗೆ ಇಳಿದಿತ್ತು. ಮೂವರೂ ನೋಡುತ್ತಿದ್ದಂತೆ ಆ ದಾರ ತನ್ನಷ್ಟಕ್ಕೆ ತಾನೇ ಎಡಗಡೆಗೆ ನಡೆಯತೊಡಗಿತು.

ನೀರು ಒಡೆಯಿತು. ಹಸಿರುಗಪ್ಪು ಮೈಯ, ಬಕೆಟ್ಟಿನಂಥ ಬಾಯಿಯ ಬಾಸ್ ಮೀನು ಪೂರ್ತಿ ಮೇಲೆದ್ದು ತಲೆ ಕೊಡವಿತು. ಬಾಯ ಮೂಲೆಯಲ್ಲಿ ಕಂದು ಲಂಗ. ದಾರ ಕೊಂಬೆಗೆ ಉಜ್ಜಿತು, ಟಕ್ ಎಂದಿತು. ಕೆರೆ ಮತ್ತೆ ಮುಚ್ಚಿಕೊಂಡಿತು.

ಬೇಸಿಗೆಯೆಲ್ಲ ಮರವನ್ನು ಮೀನು ಎಂದು ಎಳೆದವನು ಈ ಮಧ್ಯಾಹ್ನ ಮೀನನ್ನು ಮರ ಎಂದು ಹಿಡಿದುಕೊಂಡು ನಿಂತಿದ್ದ. ಹೋಬರ್ಟ್ ಇಲ್ಲದ ಟೋಪಿ ತೆಗೆಯಲು ಹೋಗಿ ತಲೆ ಸವರಿಕೊಂಡ. ಅದು ಒಳಗೇ ಹೊಕ್ಕು ಕೂತಿತ್ತು, ಸಡಿಲ ಬಿಟ್ಟಿದ್ದರೆ ತಾನಾಗಿ ಈಜಿ ಬರುತ್ತಿತ್ತು ಎಂದು ತಪ್ಪೊಪ್ಪಿಕೊಂಡ. ಕೊಕ್ಕೆ ತುಕ್ಕು ಹಿಡಿದು ಉದುರುತ್ತದೆ, ಮೀನಿಗೇನೂ ಆಗುವುದಿಲ್ಲ ಎಂದ. ಇದನ್ನು ಹಿಡಿದ ಲೆಕ್ಕಕ್ಕೆ ಸೇರಿಸಬಹುದೇ ಎಂದು ಮೋಡೀನ್ ಕೇಳಿದಳು. ಆ ಕೆರೆಯ ಕಟ್ಟಳೆ ಎಲ್ಲರಿಗೂ ಗೊತ್ತು: ಮೀನಿನ ಬಾಯೊಳಗೆ ಹೆಬ್ಬೆರಳು ಹೋಗದೆ ಹಿಡಿದಂತಲ್ಲ. ವೆಲ್ಡಾ ಹೇಳಿದ್ದು ಮೂರು. ಹಿಡಿಯಲಿಲ್ಲ, ಮುತ್ತಿಡಲಿಲ್ಲ; ಬಿಟ್ಟದ್ದೊಂದೇ ನಿಜ.

"ಕಚ್ಚಿದ್ದು ಗೊತ್ತಾಗ್ಲೇ ಇಲ್ವಾ ಬ್ರದರ್?" ಎಂದಳು ಮೋಡೀನ್, ಮೆಲ್ಲಗೆ.

ಡೆನ್ಸಿಲ್ ತನ್ನ ಬೆರಳುಗಳನ್ನು ನೋಡಿಕೊಂಡ. ಮಾರ್ಚ್ ತಿಂಗಳ ಆ ಬೆಳಿಗ್ಗೆ ಅವು ವೆಲ್ಡಾಳ ಕೈ ಹಿಡಿದುಕೊಂಡಿದ್ದವು. ಆ ಕೈ ಒಮ್ಮೆ ಹಗುರವಾಯಿತು. ಅಂತೂ ನಿದ್ದೆ ಬಂತು, ಎಬ್ಬಿಸಬಾರದು ಎಂದು ಅವನು ಉಸಿರು ಬಿಗಿಹಿಡಿದು ಕೂತಿದ್ದ, ನರ್ಸ್ ಬಂದು ಹೆಗಲು ಮುಟ್ಟುವವರೆಗೆ.

"ಗೊತ್ತಾಯ್ತು ಸಿಸ್ಟರ್," ಎಂದ. "ಭಾರ ಹೋಯ್ತು. ತಳ ಮುಟ್ಟಿರ್ಬೇಕು ಅಂದ್ಕೊಂಡೆ."

ಹೋಬರ್ಟ್ ಕೊಂಬೆಗಳಿಂದ ಅಂಗಡಿಯ ಜಿಗ್‌ಗಳನ್ನು ಬಿಡಿಸಲು ಹೊರಟ. ಬೇಡ ಎಂದ ಡೆನ್ಸಿಲ್. ಮರ ಆ ಮೀನಿನ ಮನೆ, ಇದ್ದ ಹಾಗೇ ಕೊಟ್ಟುಬಿಡೋಣ ಎಂದ. ಮೂವರೂ ಸೇರಿ ಮರವನ್ನು ಜರಿ, ಜಿಗ್, ಸಿಮೆಂಟಿನ ಇಟ್ಟಿಗೆಯ ಸಮೇತ ಕಟ್ಟೆಯ ತುದಿಯಿಂದ ಮತ್ತೆ ನೀರಿಗೆ ನೂಕಿದರು. ಕೆಲವು ಗುಳ್ಳೆ ಎದ್ದವು. ಮೋಡೀನ್ ಬ್ರೆಡ್ಡು ಹಂಚಿದಳು, ಆರಿಹೋಗಿತ್ತು, ತಿಂದರು.

ಅವರು ಹೋದ ಮೇಲೂ ಡೆನ್ಸಿಲ್ ಅಲ್ಲೇ ನಿಂತಿದ್ದ. ಪ್ಯಾಂಟಿನ ಕಿಟಕಿಯಿಂದ ಅಕ್ಟೋಬರಿನ ಗಾಳಿ ತಣ್ಣಗೆ ನುಗ್ಗುತ್ತಿತ್ತು. ಕೈಯಲ್ಲಿ ವೆಲ್ಡಾಳ ಕೋಲು, ಕೋಲಿನಿಂದ ಇಳಿಬಿದ್ದ ತುಂಡು ದಾರ. ಅದರ ತುದಿಯಲ್ಲಿ ಭಾರವಿಲ್ಲದ್ದು ಅವನ ಮರಗಟ್ಟಿದ ಬೆರಳುಗಳಿಗೆ ಈಗ ಚೆನ್ನಾಗಿಯೇ ತಿಳಿಯುತ್ತಿತ್ತು.